ನೀರು ಬಿಟ್ಟಾರ: ನಮ್ಮ ಬಾಯಲ್ಲೇ ಇರುವ ‘ಹ್ಯಾವ್’

ಮುಂಗಾರು ಹಂಗಾಮು ಹತ್ತಿರ ಬಂತೆಂದರೆ ಸಿಂಧನೂರು ತಾಲ್ಲೂಕಿನ ದಢೇಸುಗೂರಿನಿಂದ ಹಿಡಿದು ಮಸ್ಕಿಯ ತನಕ ಚಹಾದಂಗಡಿ, ಗೊಬ್ಬರದಂಗಡಿ, ಬಸ್ ನಿಲ್ದಾಣಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: ‘ನೀರು ಬಿಟ್ಟಾರೇನು?’ ತುಂಗಭದ್ರಾ ಎಡದಂಡೆ ನಾಲೆಗೆ ನೀರು ಬಂದರೆ ಮಾತ್ರ ನೆಲ್ಲಿನ ಸಸಿ ಮಡಿ, ನಾಟಿ, ಸಾಲ, ಆಳು ಎಲ್ಲದರ ಲೆಕ್ಕ ಕೂಡುತ್ತದೆ. ಉತ್ತರವೂ ಅಷ್ಟೇ ಚಿಕ್ಕದು: ‘ಬಿಟ್ಟಾರ’ ಅಥವಾ ‘ಇನ್ನ ಬಿಟ್ಟಿಲ್ಲ’. ‘ಬಿಟ್ಟರು’ ಅಂದರೆ ಎಂದೋ ನಡೆದುಹೋದ ಸಂಗತಿ. ‘ಬಿಟ್ಟಾರ’ ಅಂದರೆ ಬಿಡುವ ಕೆಲಸ ಮುಗಿದಿದೆ, ಅದರ ಫಲ ಈಗ ನಾಲೆಯಲ್ಲಿ ಹರಿಯುತ್ತಿದೆ, ನೀವು ಮಡಿಗೆ ಅಣಿಯಾಗಬಹುದು. ಎರಡೂ ಪದಗಳ ನಡುವೆ ಇರುವುದು ಒಂದು ದೀರ್ಘ. ಆ ದೀರ್ಘದಲ್ಲಿ ಒಂದು ಹಂಗಾಮಿನ ಬದುಕೇ ಇದೆ.

ಇದೇ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಅವಧಿಗೆ ಕುಳಿತ ಮಕ್ಕಳಿಗೆ ‘ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್’ ಎಂಬ ಸಾಲು ಬಂದಾಗ ಕೈ ನಿಲ್ಲುತ್ತದೆ. ‘ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ವಿ ತ್ರೀ’ ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠ. ಗೋ, ವೆಂಟ್, ಗಾನ್ ಎಂಬ ಪಟ್ಟಿಯೂ ಬಾಯಿಪಾಠ. ಆದರೆ ‘ದೇ ರಿಲೀಸ್ಡ್ ದ ವಾಟರ್’ ಎಂದು ಯಾವಾಗ ಬರೆಯಬೇಕು, ‘ದೇ ಹ್ಯಾವ್ ರಿಲೀಸ್ಡ್ ದ ವಾಟರ್’ ಎಂದು ಯಾವಾಗ ಬರೆಯಬೇಕು ಎಂದರೆ ಮಗು ಊಹೆಗೆ ಇಳಿಯುತ್ತದೆ. ಮನೆಯಲ್ಲಿ ಬೆಳಿಗ್ಗೆ ಈ ವ್ಯತ್ಯಾಸವನ್ನು ಒಂದಿಷ್ಟೂ ತಪ್ಪದೆ ಆಡಿ ಬಂದ ಮಗುವೇ ಅದು. ಇಂಗ್ಲಿಷಿನ ಈ ಕ್ರಿಯಾರೂಪ ನಮಗೆ ಹೊರಗಿನದಲ್ಲ, ಅದರ ಮುಕ್ಕಾಲು ಭಾಗ ನಮ್ಮ ಮಾತಿನಲ್ಲೇ ಇದೆ. ಉಳಿದ ಕಾಲು ಭಾಗ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಿದರೆ ಸಾಕು.

ಬಂದ, ಬಂದಾನ

ಗ್ರಾಂಥಿಕ ಕನ್ನಡದಲ್ಲಿ ‘ಬಂದನು’ ಮತ್ತು ‘ಬಂದಿದ್ದಾನೆ’ ಎಂದು ಎರಡು ರೂಪಗಳಿವೆ. ರಾಯಚೂರು, ಕೊಪ್ಪಳದ ಕಡೆಯ ಮಾತಿನಲ್ಲಿ ಅವು ‘ಬಂದ’ ಮತ್ತು ‘ಬಂದಾನ’. ಹೋದ, ಹೋಗ್ಯಾನ. ಮಾಡಿದ, ಮಾಡ್ಯಾನ. ಕೊಟ್ಟರು, ಕೊಟ್ಟಾರ. ನೀರು ಬಂತು, ನೀರು ಬಂದೈತಿ. ಕೆಲವರ ಬಾಯಲ್ಲಿ ಬಂದದ. ಗ್ರಾಂಥಿಕದಲ್ಲಿ ‘ಬಂದು’ ಎಂಬುದಕ್ಕೆ ‘ಇದ್ದಾನೆ’ ಸೇರಿ ಉದ್ದವಾದದ್ದು ಇಲ್ಲಿ ಬೆಸೆದು ಒಂದೇ ಪದವಾಗಿದೆ. ಬಂದ ಕೆಲಸ ಹಿಂದಿನದು, ಇರುವಿಕೆ ಇಂದಿನದು. ‘ಅಣ್ಣ ಬಂದಾನ’ ಎಂದರೆ ಅಣ್ಣ ಬಂದದ್ದೂ ನಿಜ, ಈಗ ಮನೆಯಲ್ಲಿರುವುದೂ ನಿಜ.

ಇಂಗ್ಲಿಷಿನ ‘ಹ್ಯಾಸ್ ಕಮ್’ ಮಾಡುವ ಕೆಲಸವೂ ಇದೇ. ‘ಹ್ಯಾವ್’ ಎಂಬುದು ವರ್ತಮಾನದ ರೂಪ. ‘ಕಮ್’ ಎಂಬ ಮೂರನೆಯ ರೂಪ ಮುಗಿದ ಕೆಲಸವನ್ನು ಹೇಳುತ್ತದೆ. ನಿಂತಿರುವುದು ಇಂದು, ನೋಡುತ್ತಿರುವುದು ಹಿಂದಕ್ಕೆ. ಅದಕ್ಕೇ ಅದರ ಹೆಸರಿನಲ್ಲಿ ‘ಪ್ರೆಸೆಂಟ್’ ಎಂಬ ಮಾತಿದೆ. ಮಕ್ಕಳಿಗೆ ಈ ಹೆಸರು ತೊಡಕಾಗುವುದು ಸಹಜ: ಮುಗಿದ ಕೆಲಸಕ್ಕೆ ವರ್ತಮಾನ ಎಂಬ ಹೆಸರೇಕೆ? ‘ಬಂದಾನ’ ಎಂಬುದರಲ್ಲಿ ‘ಇದ್ದಾನೆ’ ಅಡಗಿದೆ ಎಂದು ತೋರಿಸಿದರೆ ಆ ತೊಡಕು ಅಲ್ಲಿಗೇ ಬಿಡುತ್ತದೆ.

ಹಾಗಾದರೆ ಇಂಗ್ಲಿಷಿನವರು ‘ಇರು’ ಬಿಟ್ಟು ‘ಹ್ಯಾವ್’ ಹಿಡಿದದ್ದೇಕೆ? ‘ಹ್ಯಾವ್’ ಅಂದರೆ ಮೂಲದಲ್ಲಿ ಒಡೆತನ. ಹಳೆಯ ಇಂಗ್ಲಿಷಿನಲ್ಲಿ ‘ನನ್ನ ಬಳಿ ಹಿಡಿದ ಮೀನು ಇದೆ’ ಎಂಬ ಬಗೆಯ ವಾಕ್ಯ ಕ್ರಮೇಣ ‘ನಾನು ಮೀನು ಹಿಡಿದಿದ್ದೇನೆ’ ಎಂಬ ಅರ್ಥಕ್ಕೆ ಹೊರಳಿತು. ಕನ್ನಡದ ಆಡುಮಾತಿನಲ್ಲಿ ಒಡೆತನಕ್ಕೆ ಬೇರೆ ಕ್ರಿಯಾಪದ ಬಳಸುವುದಿಲ್ಲ. ‘ನನಗ ಎರಡು ಎಕರೆ ಹೊಲ ಐತಿ’ ಎಂದು ‘ಇರು’ವಿನಿಂದಲೇ ಹೇಳುತ್ತೇವೆ. ಅವರು ಒಡೆತನಕ್ಕೆ ಬಳಸುವ ಪದವನ್ನೇ ಮುಗಿದ ಕೆಲಸಕ್ಕೂ ತಂದರು. ನಮ್ಮಲ್ಲೂ ಒಡೆತನಕ್ಕೆ ಬರುವ ‘ಇರು’ವೇ ಮುಗಿದ ಕೆಲಸಕ್ಕೂ ಬರುತ್ತದೆ. ಇಷ್ಟೇ ಅಲ್ಲ, ಬರುವ ಹೋಗುವ ಕ್ರಿಯೆಗಳಿಗೆ ಹಿಂದೆ ಇಂಗ್ಲಿಷಿನಲ್ಲೂ ‘ಇರು’ ಬರುತ್ತಿತ್ತು: ‘ಹೀ ಈಸ್ ಕಮ್’. ಜರ್ಮನ್, ಫ್ರೆಂಚ್ ಭಾಷೆಗಳಲ್ಲಿ ಇಂದಿಗೂ ‘ಬಂದಿದ್ದಾನೆ’ ಎನ್ನಲು ‘ಇರು’, ‘ತಿಂದಿದ್ದಾನೆ’ ಎನ್ನಲು ‘ಹ್ಯಾವ್’ನಂತೆ ಒಡೆತನ ಹೇಳುವ ಪದ. ದೂರದ ಭಾಷೆಗಳು ಒಂದೇ ಅಗತ್ಯಕ್ಕೆ ಹತ್ತಿರದ ದಾರಿಗಳನ್ನು ಕಂಡುಕೊಂಡಿವೆ.

ನಾಲ್ಕು ಕೆಲಸ

ಭಾಷಾವಿಜ್ಞಾನಿ ಬರ್ನಾರ್ಡ್ ಕಾಮ್ರಿ 1976ರಲ್ಲಿ ಬಂದ ‘ಆಸ್ಪೆಕ್ಟ್’ ಎಂಬ ಪುಸ್ತಕದಲ್ಲಿ ಈ ರೂಪದ ಬಳಕೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಆ ನಾಲ್ಕನ್ನೂ ನಮ್ಮ ಸೀಮೆಯ ಮಾತಿನಲ್ಲಿಟ್ಟು ನೋಡಬಹುದು.

ಮೊದಲನೆಯದು ಫಲ. ‘ಬೀಗ ಹಾಕ್ಯಾರ’ ಎಂದರೆ ಬಾಗಿಲು ಈಗ ಮುಚ್ಚಿದೆ, ಹೋಗಿ ಪ್ರಯೋಜನವಿಲ್ಲ. ಇಂಗ್ಲಿಷಿನಲ್ಲಿ ‘ದೇ ಹ್ಯಾವ್ ಲಾಕ್ಡ್ ಇಟ್’. ‘ನೀರು ಬಿಟ್ಟಾರ’ ಎಂಬುದೂ ಇದೇ ಗುಂಪಿಗೆ ಸೇರಿದ್ದು.

ಎರಡನೆಯದು ಅನುಭವ. ‘ಹಂಪಿ ನೋಡೀಯೇನು?’ ಎಂದು ಕೇಳುವಾಗ ಯಾವ ವರ್ಷ, ಯಾವ ದಿನ ಎಂಬುದು ಬೇಕಿಲ್ಲ. ಬದುಕಿನಲ್ಲಿ ಒಮ್ಮೆಯಾದರೂ ಆಗಿದೆಯೇ ಎಂಬುದಷ್ಟೇ ಪ್ರಶ್ನೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಹ್ಯಾವ್ ಯೂ ಎವರ್ ಸೀನ್’.

ಮೂರನೆಯದು ಬಿಸಿ ಸುದ್ದಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಮರುದಿನ ಬೆಳಗಾಗುವಷ್ಟರಲ್ಲಿ ನದಿಯ ದಂಡೆಯ ಊರುಗಳಲ್ಲೂ ನಾಲೆಯ ಕೊನೆಭಾಗದ ಊರುಗಳಲ್ಲೂ ಒಂದೇ ಆತಂಕ: ‘ಗೇಟು ಕೊಚ್ಚಿಕೊಂಡು ಹೋಗೈತಿ’. ಡ್ಯಾಮು ಬರಿದಾದರೆ ಬೆಳೆಯ ಗತಿ ಏನು ಎಂಬ ಭಯ ಆ ‘ಹೋಗೈತಿ’ಯಲ್ಲಿತ್ತು. ಅಂದು ಇಂಗ್ಲಿಷಿನಲ್ಲಿ ಹೇಳಬೇಕಿದ್ದರೆ ‘ದ ಗೇಟ್ ಹ್ಯಾಸ್ ಬೀನ್ ವಾಶ್ಡ್ ಅವೇ’ ಎಂದೇ ಹೇಳಬೇಕಿತ್ತು. ಇಂದು ಅದೇ ಘಟನೆಯನ್ನು ಇಸವಿ ಹಾಕಿ ಬರೆಯುವಾಗ ‘ಹ್ಯಾಸ್ ಬೀನ್’ ಬಾರದು; ‘ವಾಸ್ ವಾಶ್ಡ್ ಅವೇ ಇನ್ 2024’ ಎಂದಾಗಬೇಕು. ಘಟನೆ ಬದಲಾಗಲಿಲ್ಲ, ಅದು ನಮ್ಮ ಇಂದಿಗೆ ಅಂಟಿಕೊಂಡಿದ್ದ ಬಗೆ ಬದಲಾಯಿತು. ಈ ರೂಪದ ಹೃದಯ ಇಲ್ಲೇ ಇದೆ.

ನಾಲ್ಕನೆಯದು ಹಿಂದೆ ಶುರುವಾಗಿ ಇಂದಿಗೂ ನಡೆಯುತ್ತಿರುವ ಸ್ಥಿತಿ. ಇಲ್ಲಿ ಮಾತ್ರ ನಮ್ಮ ದಾರಿ ಬೇರೆ. ಅದನ್ನು ತಿಳಿಯಲು ಮಸ್ಕಿಯ ಬೆಟ್ಟಕ್ಕೇ ಹೋಗಬಹುದು.

ಮಸ್ಕಿಯ ಬಂಡೆಯ ವರ್ತಮಾನ

ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯಲ್ಲಿ ಗುರುತಿಸಿದ ಶಾಸನ ದೇವಾನಾಂಪ್ರಿಯನ ಹೆಸರು ಅಶೋಕ ಎಂಬುದನ್ನು ಲೋಕಕ್ಕೆ ಸಾರಿದ್ದಕ್ಕಾಗಿ ಪ್ರಸಿದ್ಧ. ಅದರ ಮೊದಲ ಭಾಗದಲ್ಲಿ ಅಶೋಕ ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು ಎನ್ನುತ್ತಾನೆ. ಅಲ್ಲಿ ಪ್ರಾಕೃತದಲ್ಲಿ ಬಳಕೆಯಾಗಿರುವುದು ‘ಸುಮಿ’, ಅಂದರೆ ‘ಆಗಿದ್ದೇನೆ’, ಎಂಬ ನೇರ ವರ್ತಮಾನ ರೂಪ. ಇಷ್ಟು ವರ್ಷದಿಂದ ಹೀಗಿದ್ದೇನೆ ಎಂದು ಕನ್ನಡಿಗರು ಹೇಳುವ ಕ್ರಮವೂ ಇದೇ: ‘ಹತ್ತು ವರ್ಷದಿಂದ ಸಿಂಧನೂರಾಗ ಅದೀನಿ’, ‘ಮೂರು ದಿನದಿಂದ ಮಳಿ ಬರಾಕತ್ತೈತಿ’.

ಇಂಗ್ಲಿಷ್ ಇದನ್ನು ಒಪ್ಪದು. ಅವಧಿಯ ಮಾತು ಬಂದ ಕೂಡಲೇ ಬರಿಯ ‘ಆ್ಯಮ್’ ಸಾಲದು; ‘ಹ್ಯಾವ್ ಬೀನ್’ ಬೇಕೇ ಬೇಕು. ನಮ್ಮ ಮಕ್ಕಳು ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆದಾಗ ಅವರ ತಲೆಯಲ್ಲಿ ಕನ್ನಡದ ನಿಯಮ ಸರಿಯಾಗಿಯೇ ಕೆಲಸ ಮಾಡಿರುತ್ತದೆ. ಇದರ ಬೆನ್ನಿಗೇ ಇನ್ನೊಂದು ತೊಡಕು. ‘ಹತ್ತು ವರ್ಷದಿಂದ’, ‘2015ರಿಂದ’ ಎಂಬ ಎರಡಕ್ಕೂ ನಮಗೆ ‘ಇಂದ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಅವಧಿಯ ಉದ್ದ ಹೇಳಿದರೆ ‘ಫಾರ್’, ಶುರುವಾದ ಗಳಿಗೆ ಹೇಳಿದರೆ ‘ಸಿನ್ಸ್’. ಎಣಿಸಬಹುದಾದ ಉದ್ದವೋ, ಗುರುತು ಹಾಕಬಹುದಾದ ಚುಕ್ಕೆಯೋ ಎಂದು ಕೇಳಿಕೊಂಡರೆ ಆಯ್ಕೆ ಸುಲಭ. ಈ ಎರಡು ವಿಷಯಗಳನ್ನು ಸೂತ್ರಕ್ಕಿಂತ ಮೊದಲು ಹೇಳಬೇಕು. ಏಕೆಂದರೆ ತಪ್ಪು ಹುಟ್ಟುವ ಜಾಗ ಇದೇ.

ಇಲ್ಲ ಎನ್ನುವಲ್ಲಿ ಸಿಗುವ ಬೀಗದ ಕೈ

ಎರಡು ರೂಪಗಳಲ್ಲಿ ಯಾವುದು ಎಂದು ತಿಳಿಯದಾದಾಗ ಒಂದು ಒಳ್ಳೆಯ ಪರೀಕ್ಷೆ ಕನ್ನಡದಲ್ಲೇ ಇದೆ: ವಾಕ್ಯವನ್ನು ‘ಇಲ್ಲ’ಕ್ಕೆ ತಿರುಗಿಸುವುದು. ‘ಬಂದ’ ಎಂಬುದರ ನಿಷೇಧ ‘ಬರಲಿಲ್ಲ’. ‘ಬಂದಾನ’ ಎಂಬುದರ ನಿಷೇಧ ‘ಬಂದಿಲ್ಲ’. ‘ಬಂದಿದ್ದ’ ಎಂಬುದರ ನಿಷೇಧ ‘ಬಂದಿರಲಿಲ್ಲ’. ಈ ಮೂರರ ವ್ಯತ್ಯಾಸ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು.

‘ಹೋದ ಬ್ಯಾಸಿಗಿಗೆ ನೀರು ಬಿಡಲಿಲ್ಲ’ ಎನ್ನುವ ರೈತ ಆ ಹಂಗಾಮಿನ ಲೆಕ್ಕ ಮುಚ್ಚಿದ್ದಾನೆ. ‘ಇನ್ನ ನೀರು ಬಿಟ್ಟಿಲ್ಲ’ ಎನ್ನುವವನು ಇನ್ನೂ ಕಾಯುತ್ತಿದ್ದಾನೆ, ಅವನ ಮಡಿಯ ಬೀಜ ಚೀಲದಲ್ಲಿದೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಡಿಡ್ ನಾಟ್ ರಿಲೀಸ್’, ಎರಡನೆಯದಕ್ಕೆ ‘ಹ್ಯಾವ್ ನಾಟ್ ರಿಲೀಸ್ಡ್’. ‘ನಾವು ನಾಟಿಗೆ ಇಳಿದಾಗ ನೀರು ಬಿಟ್ಟಿರಲಿಲ್ಲ’ ಎಂದರೆ ‘ಹ್ಯಾಡ್ ನಾಟ್ ರಿಲೀಸ್ಡ್’. ಇದು ಹೆಚ್ಚಿನ ವಾಕ್ಯಗಳಿಗೆ ಸರಿಯಾಗಿ ಹೊಂದುತ್ತದೆ. ‘ಇನ್ನೂ’ ಎಂಬ ಪದ ಸೇರಿಸಿ ನೋಡಿದರೆ ಅನುಮಾನ ಪೂರ್ತಿ ಕಳೆಯುತ್ತದೆ: ‘ಇನ್ನೂ ಬಂದಿಲ್ಲ’ ಎನ್ನಬಹುದು, ‘ಇನ್ನೂ ಬರಲಿಲ್ಲ’ ಎಂದರೆ ಅಷ್ಟು ಸಹಜವಾಗಿ ಕೇಳದು. ಇಂಗ್ಲಿಷಿನ ‘ಯೆಟ್’ ಕೂಡ ಹೀಗೇ ‘ಹ್ಯಾವ್ ನಾಟ್’ನ ಜೊತೆಗಾರ.

ಎಚ್ಚರಿಕೆ ಬೇಕಾದ ಮೂರು ಜಾಗ

ಹೋಲಿಕೆ ಹೇಳಿದಷ್ಟೇ ಪ್ರಾಮಾಣಿಕವಾಗಿ ವ್ಯತ್ಯಾಸವನ್ನೂ ಹೇಳಬೇಕು. ಮೊದಲನೆಯದು ದಿನ, ಹೊತ್ತು ಹೇಳುವ ಪದಗಳು. ಕನ್ನಡದಲ್ಲಿ ‘ನಿನ್ನಿ ನೀರು ಬಿಟ್ಟಾರ’ ಎನ್ನಲು ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ‘ಯೆಸ್ಟರ್ಡೇ’ ಬಂದರೆ ‘ಹ್ಯಾವ್’ ಸರಿಯಬೇಕು. ಮುಗಿದ ಹೊತ್ತಿನ ಹೆಸರು ಬಂದೊಡನೆ, ಅದು ನಿನ್ನೆಯಾಗಲಿ, ಹೋದ ವರ್ಷವಾಗಲಿ, 2024 ಆಗಲಿ, ಕ್ರಿಯಾಪದ ಬರಿಯ ಭೂತರೂಪಕ್ಕೆ ಇಳಿಯುತ್ತದೆ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂಬುದು ಭಾರತದ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯ. ಅದರ ಬೇರು ನಮ್ಮ ಭಾಷೆಗಳ ಈ ಸಡಿಲಿಕೆಯಲ್ಲಿದೆ.

ಎರಡನೆಯದು ‘ಹ್ಯಾಡ್’. ‘ನಿನ್ನಿ ರಾಯಚೂರಿಗೆ ಹೋಗಿದ್ದೆ’ ಎಂದು ನಾವು ಸಹಜವಾಗಿ ಹೇಳುತ್ತೇವೆ. ಹೋಗಿ ಬಂದಾಯಿತು ಎಂಬ ಭಾವ ಅದರಲ್ಲಿದೆ. ಅದನ್ನೇ ಹಾಗೇ ಎತ್ತಿಟ್ಟು ‘ಐ ಹ್ಯಾಡ್ ಗಾನ್ ಟು ರಾಯಚೂರ್ ಯೆಸ್ಟರ್ಡೇ’ ಎಂದು ಬರೆದರೆ ಓದುವವನು ಮುಂದಿನ ವಾಕ್ಯಕ್ಕೆ ಕಾಯುತ್ತಾನೆ. ಏಕೆಂದರೆ ಇಂಗ್ಲಿಷಿನ ‘ಹ್ಯಾಡ್’ಗೆ ಭೂತಕಾಲದ ಇನ್ನೊಂದು ಘಟನೆಯ ಆಸರೆ ಬೇಕು: ನೀನು ಮನೆಗೆ ಬಂದಾಗ ನಾನು ಹೋಗಿದ್ದೆ. ಆಸರೆ ಇಲ್ಲದಿದ್ದರೆ ‘ಐ ವೆಂಟ್’ ಎಂಬುದೇ ಸರಿ.

ಮೂರನೆಯದು ಕಣ್ಣೆದುರಿನ ಘಟನೆ. ಬಸ್ಸು ತಿರುವಿನಲ್ಲಿ ಕಂಡೊಡನೆ ‘ಬಸ್ ಬಂತು’ ಎನ್ನುತ್ತೇವೆ. ‘ಊಟ ಆತೇನ್ರಿ?’ ಎಂದು ಮಾತಾಡಿಸುತ್ತೇವೆ. ಇಲ್ಲೆಲ್ಲ ಕನ್ನಡ ಬರಿಯ ಭೂತರೂಪವನ್ನು ಬಳಸುತ್ತದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ಇಂಥ ಕಡೆ ‘ಹ್ಯಾವ್ ಯೂ ಈಟನ್?’ ಎಂಬುದು ರೂಢಿ. ಅಮೆರಿಕದವರು ‘ಡಿಡ್ ಯೂ ಈಟ್ ಯೆಟ್?’ ಎಂದೂ ಕೇಳುತ್ತಾರೆ. ಇಂಗ್ಲಿಷ್ ಆಡುವವರಲ್ಲೇ ಈ ಗಡಿ ಒಂದೇ ಕಡೆ ಇಲ್ಲ ಎಂದು ಮಕ್ಕಳಿಗೆ ತಿಳಿದರೆ ಭಯ ಕಡಿಮೆಯಾಗುತ್ತದೆ.

ಮೊಬೈಲಿಗೆ ಬರುವ ‘ಬೀನ್’

ಅವಧಿ ಹೇಳುವುದಲ್ಲದೆ ‘ಬೀನ್’ ಎಂಬ ಪದಕ್ಕೆ ಇನ್ನೂ ಎರಡು ಮುಖ್ಯ ಕೆಲಸಗಳಿವೆ. ಒಂದು, ಹೋಗಿ ಬಂದದ್ದನ್ನು ಹೇಳುವುದು. ‘ರಾಯಚೂರಿಗೆ ಹೋಗ್ಯಾನ’ ಎಂದರೆ ಅವನು ಇಲ್ಲಿಲ್ಲ. ‘ಹ್ಯಾಸ್ ಗಾನ್ ಟು’. ‘ರಾಯಚೂರಿಗೆ ಹೋಗಿ ಬಂದಾನ’ ಎಂದರೆ ನೋಡಿ ಬಂದವನು, ಈಗ ಇಲ್ಲೇ ಇದ್ದಾನೆ. ‘ಹ್ಯಾಸ್ ಬೀನ್ ಟು’. ವ್ಯಾಕರಣ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಈ ಭೇದಕ್ಕೆ ಕನ್ನಡದ ‘ಹೋಗಿ ಬಂದಾನ’ ಎಂಬ ಎರಡು ಪದ ಸಾಕು.

ಇನ್ನೊಂದು ಕೆಲಸ ಯಾರು ಮಾಡಿದರೆಂದು ಹೇಳದೆ ಆದದ್ದನ್ನು ಹೇಳುವುದು. ಇದು ಇಂದು ಪ್ರತಿ ರೈತನ ಕಿಸೆಯಲ್ಲಿದೆ. 2019ರಲ್ಲಿ ಶುರುವಾದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ ಮೂರು ಕಂತಿನಲ್ಲಿ ಖಾತೆಗೆ ಬರುತ್ತದೆ. ಬ್ಯಾಂಕಿನಿಂದ ಬರುವ ಇಂಥ ಸಂದೇಶಗಳಲ್ಲಿ ‘ಹ್ಯಾಸ್ ಬೀನ್ ಕ್ರೆಡಿಟೆಡ್’ ಎಂದಿದ್ದರೆ ‘ರೊಕ್ಕ ಬಿದ್ದಾವ’. ‘ಹ್ಯಾಸ್ ಬೀನ್ ಡೆಬಿಟೆಡ್’ ಎಂದಿದ್ದರೆ ರೊಕ್ಕ ಹೋಗ್ಯಾವ. ‘ವಿಲ್ ಬಿ ಕ್ರೆಡಿಟೆಡ್’ ಎಂದಿದ್ದರೆ ಇನ್ನೂ ಬಿದ್ದಿಲ್ಲ, ಮುಂದೆ ಬೀಳಲಿದೆ. ಅರ್ಜಿಯ ಮೇಲೆ ‘ಹ್ಯಾಸ್ ಬೀನ್ ರಿಸೀವ್ಡ್’ ಎಂದು ಬಂದರೆ ಅದು ತಲುಪಿದೆ ಅಷ್ಟೇ, ಮಂಜೂರಾಗಿಲ್ಲ. ಈ ಚಿಕ್ಕ ಪದಗಳನ್ನು ತಪ್ಪಾಗಿ ಓದಿದವನು ಬ್ಯಾಂಕಿಗೆ ಒಂದು ದಿನದ ಕೂಲಿ ಕಳೆದುಕೊಂಡು ಅಲೆಯುತ್ತಾನೆ. ಕೀಟನಾಶಕದ ಡಬ್ಬಿಯ ಮೇಲೆ ಸಿಂಪಡಿಸಿದ ಔಷಧಿ ಒಣಗುವ ತನಕ ಹೊಲಕ್ಕೆ ಇಳಿಯಬಾರದು ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿದ್ದರೆ, ಅಲ್ಲಿ ‘ಅಂಟಿಲ್’ ಎಂಬ ಪದದ ಮುಂದೆ ‘ಹ್ಯಾಸ್ ಡ್ರೈಡ್’ ಎಂದಿರುತ್ತದೆ. ಅಂಥದ್ದನ್ನು ಓದಿ ಹೇಳುವವರು ಬಹಳ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ. ವ್ಯಾಕರಣ ಇಲ್ಲಿ ಅಂಕಕ್ಕಿಂತ ದೊಡ್ಡದು.

ಕ್ಯಾಂಪುಗಳ ಮಕ್ಕಳು

ಸಿಂಧನೂರಿನ ತರಗತಿಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳಷ್ಟೇ ಇರುವುದಿಲ್ಲ. ನಾಲೆಯ ನೀರಿನ ಜೊತೆ ಬಂದು ನೆಲೆಸಿದ ತೆಲುಗು ಕುಟುಂಬಗಳ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳಿವೆ. ದಖನಿ ಉರ್ದು ಮನೆಮಾತಿನವರಿದ್ದಾರೆ. ದಖನಿಯ ಮಗುವಿಗೆ ‘ಆಯಾ’ ಮತ್ತು ‘ಆಯಾ ಹೈ’ ಎಂಬ ಭೇದ ಗೊತ್ತು. ಅಲ್ಲೂ ‘ಹೈ’ ಎಂಬುದು ‘ಇರು’ವೇ. ನಿಜಾಮರ ಕಾಲದಲ್ಲಿ, 1948ಕ್ಕೆ ಮೊದಲು, ಉರ್ದುವಿನಲ್ಲಿ ಓದಿದ ಹಿರಿಯರಿಗೂ ಇದು ಪರಿಚಿತ. ಬಂಗಾಳಿ ಮಗುವಿಗೆ ‘ಎಲೋ’ ಅಂದರೆ ಬಂದ, ‘ಎಸೇಛೆ’ ಅಂದರೆ ಬಂದಿದ್ದಾನೆ. ತೆಲುಗಿನ ಆಡುಮಾತಿನಲ್ಲಿ ಮಾತ್ರ ‘ವಚ್ಚಾಡು’ ಎಂಬ ಒಂದೇ ರೂಪ ಸಾಮಾನ್ಯವಾಗಿ ಎರಡನ್ನೂ ಹೊರುತ್ತದೆ. ಆ ಮಗುವಿಗೆ ಕನ್ನಡದ ‘ಬಂದ, ಬಂದಾನ’ವೇ ಇಂಗ್ಲಿಷಿಗೆ ಮೆಟ್ಟಿಲಾಗಬಲ್ಲದು. ಒಂದೇ ಕೋಣೆಯಲ್ಲಿ ಕುಳಿತ ಈ ಮಕ್ಕಳಿಗೆ ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ?’ ಎಂದು ಕೇಳುವ ಶಿಕ್ಷಕರಿಗೆ ಅರ್ಧ ಪಾಠ ಮಕ್ಕಳ ಬಾಯಿಂದಲೇ ಸಿಗುತ್ತದೆ.

ಪಟ್ಟಿಯಲ್ಲಿ ಇಲ್ಲದ ಸಾಲು

ಇಷ್ಟು ಹತ್ತಿರವಿರುವ ರೂಪ ನಮಗೆ ದೂರವಾದದ್ದು ಹೇಗೆ? ಕಾರಣ ಕನ್ನಡ ಅವಧಿಯಲ್ಲಿದೆ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹಳಗನ್ನಡದ ಕ್ರಿಯಾಪದಕ್ಕೆ ಭೂತದಲ್ಲಿ ‘ದ’, ಭವಿಷ್ಯತ್ತಿನಲ್ಲಿ ‘ವ’, ವರ್ತಮಾನದಲ್ಲಿ ‘ದಪ’ ಎಂದು ಮೂರು ಕಾಲಗಳನ್ನು ಹೇಳಿದ. ಆ ಮೂರು ಕಾಲಗಳ ಚೌಕಟ್ಟು ಶಾಲೆಯ ವ್ಯಾಕರಣದಲ್ಲಿ ಹಾಗೇ ಉಳಿಯಿತು. ‘ಬಂದನು, ಬರುತ್ತಾನೆ, ಬರುವನು’ ಎಂಬ ಪಟ್ಟಿಯಲ್ಲಿ ‘ಬಂದಿದ್ದಾನೆ’ಗೆ ತನ್ನದೇ ಸಾಲು ಸಿಗಲಿಲ್ಲ. ‘ಬಂದಾನ’ ಎಂಬುದಕ್ಕಂತೂ ಬಾಗಿಲೇ ಇಲ್ಲ. ಅದು ತಿದ್ದಬೇಕಾದ ಹಳ್ಳಿ ಮಾತು ಎನಿಸಿಕೊಂಡಿತು. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕವನ್ನೇ ಬರೆದರು. ಆ ಮಾತಿನ ತೂಕ ಇಂಗ್ಲಿಷ್ ಕಲಿಸುವಾಗಲೂ ಅರಿವಾಗುತ್ತದೆ. ತನ್ನ ಭಾಷೆಯಲ್ಲಿ ಈ ರೂಪ ಇದೆ ಎಂದು ಯಾರೂ ಹೇಳದ ಮಗುವಿಗೆ ಇಂಗ್ಲಿಷಿನ ಹನ್ನೆರಡು ಟೆನ್ಸುಗಳ ಪಟ್ಟಿ ಎದುರಾದಾಗ ಅದು ಬರಿಯ ಕಂಠಪಾಠದ ಹೊರೆಯಾಗದೆ ಮತ್ತೇನಾದೀತು?

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಇಂಗ್ಲಿಷ್ ಒಂದನೇ ತರಗತಿಯಿಂದಲೇ ಇದೆ. ಇಷ್ಟು ವರ್ಷ ಓದಿಯೂ ಹತ್ತನೇ ತರಗತಿಯ ಮಗು ‘ಹ್ಯಾವ್’ ಮುಂದೆ ತಡವರಿಸುತ್ತದೆ ಎಂದರೆ ಬೇಕಾಗಿರುವುದು ಇನ್ನಷ್ಟು ವರ್ಷವಲ್ಲ, ಬೇರೆ ದಾರಿ. ಆ ದಾರಿಗೆ ಖರ್ಚಿಲ್ಲ. ಶಾಲೆಯ ಕನ್ನಡ ಮಾಸ್ತರು, ಇಂಗ್ಲಿಷ್ ಮಾಸ್ತರು ಒಂದು ಅವಧಿ ಒಟ್ಟಿಗೆ ತರಗತಿಗೆ ಬರಲಿ. ಕನ್ನಡದವರು ‘ಬರಲಿಲ್ಲ, ಬಂದಿಲ್ಲ, ಬಂದಿರಲಿಲ್ಲ’ ಎಂದು ಮೂರು ಸಾಲು ಬರೆಯಲಿ, ಅವುಗಳ ಅರ್ಥಭೇದವನ್ನು ಮಕ್ಕಳೇ ಹೇಳಲಿ. ಅವುಗಳ ಪಕ್ಕದಲ್ಲಿ ಇಂಗ್ಲಿಷಿನವರು ‘ಡಿಡ್ ನಾಟ್, ಹ್ಯಾವ್ ನಾಟ್, ಹ್ಯಾಡ್ ನಾಟ್’ ಎಂದು ಬರೆಯಲಿ. ಆಮೇಲೆ ‘ನಿನ್ನೆ’ ಎಂಬ ಪದವನ್ನೂ ‘ಹತ್ತು ವರ್ಷದಿಂದ’ ಎಂಬ ಮಾತನ್ನೂ ಕೊಟ್ಟು ಎರಡು ಭಾಷೆ ಎಲ್ಲಿ ಬೇರೆಯಾಗುತ್ತವೆ ಎಂದು ತೋರಿಸಲಿ. ‘ಬಂದಾನ’ ಎಂದ ಮಗುವನ್ನು ತಿದ್ದುವ ಮೊದಲು, ಆ ಪದದಲ್ಲಿ ಅದು ಎಷ್ಟು ಸೂಕ್ಷ್ಮವಾದ ವ್ಯಾಕರಣವನ್ನು ಸರಿಯಾಗಿ ಬಳಸಿದೆ ಎಂದು ಹೇಳಲಿ. ತನಗೆ ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬಲ್ಲೆ ಎಂಬ ಧೈರ್ಯ ಒಮ್ಮೆ ಬಂದ ಮಗು, ಮುಂದಿನ ಟೆನ್ಸುಗಳನ್ನು ತಾನಾಗಿ ಪ್ರಶ್ನೆ ಕೇಳಿ ಕಲಿಯುತ್ತದೆ.